ನಿಮ್ಮಪ್ಪನನ್ನು ಇನ್ನು ಇಳಿಸು

ಚಾಮರಾಜಪೇಟೆ
ಕಡೇ ಕಾರ್ತಿಕ ಸೋಮವಾರ

ಮಗಳು ಯಶಶ್ರೀಗೆ, ಬಂಡೆ ಮಾಂಕಾಳಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ಮುಂಬೈಗೆ ಫೋನು ಮಾಡಿದರೆ ನೀನು ಬಿಡಿಸಿ ಹೇಳಲು ಶುರುಮಾಡುತ್ತೀಯ, ನನಗೆ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೀನಿ. ಸಿಟ್ಟಾಗಬೇಡ.

ಮಹಾಲಯ ಅಮಾವಾಸ್ಯೆಗೆ ಬಂದಾಗ ಕಂಪ್ಯೂಟರಿನಲ್ಲಿ ನಿನ್ನ ಕೆಲಸ ತೋರಿಸಿದೆಯಲ್ಲ, ಅವತ್ತಿನಿಂದ ನೆಮ್ಮದಿಯಿಲ್ಲ. ಕ್ಯಾನ್ಸರಿಗೆ ಕೊಡುವ ಕಿರಣ ಮೈಯೊಳಗೆ ಎಲ್ಲಿ ಹಾಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರು ಅಂದೆ. ಒಂದೊಂದು ಕಣವೂ ಹೆಜ್ಜೆಹೆಜ್ಜೆಗೂ ದಾಳ ಹಾಕಿದ ಹಾಗಂತೆ, ತಿರುಗಬೇಕೋ ನಿಲ್ಲಬೇಕೋ ಆಚೆ ಹೋಗಬೇಕೋ ಅಂತ. ಹಸಿರು ಗೆರೆಗಳು ಓಡುವುದನ್ನು ನೋಡುತ್ತಾ ಕೂತಿದ್ದೆ. ಆಮೇಲೆ ಗೆರೆಗಳ ಹಿಂದಿನ ಮೈಯ ಚಿತ್ರದಲ್ಲಿ ಆ ಎಡಗಡೆ ಹೆಗಲ ಮೂಳೆ ಕಂಡಿತು. ನಿಮ್ಮಪ್ಪ ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡ ಮೂಳೆ. ಪ್ರತಿ ಯುಗಾದಿಗೂ ಎಣ್ಣೆ ಹಚ್ಚಿದ ಕೈ ನನ್ನದು, ಗೊತ್ತಾಗದೆ ಇರುತ್ತದೆಯೇ? ಹೌದಮ್ಮ, ಅಪ್ಪನ ಸ್ಕ್ಯಾನೇ ಹಾಕಿದೀನಿ ಅಂತ ನೀನು ಆಗ ಹೇಳಿದೆ.

ಅದು ಬರೀ ಅಂಕಿ, ಅಪ್ಪನಿಗೆ ಏನೂ ಆಗಲ್ಲ ಅಂತೀಯ. ಇರಬಹುದು. ಆದರೆ ವರ್ಷದ ಎಡೆ ಇಟ್ಟು ಅವರನ್ನು ಹಿರಿಯರ ಸಾಲಿಗೆ ಸೇರಿಸಿದ್ದೇವೆ. ಸೇರಿಸಿದವರನ್ನು ಮತ್ತೆ ಮಲಗಿಸಿ ದಿನಾ ಕಿರಣ ಹಾಯಿಸಬಹುದೇ? ಕಡೆಕಡೆಗೆ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಲೂ ಬಿಡುತ್ತಿರಲಿಲ್ಲ ಅವರು, ಕಿರಣಕ್ಕೆ ಚರ್ಮ ಅಷ್ಟು ಬೆಂದಿತ್ತು. ಈ ಸಲ ಎಡೆಯನ್ನು ಕಾಗೆ ಮುಟ್ಟಲಿಲ್ಲ. ನೀನು ಬಿಸಿಲು ಜಾಸ್ತಿ ಅಂದೆ. ಈಗ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಅವರು ಕೆಮ್ಮಿದ್ದು ಕೇಳುತ್ತದೆ. ಪಕ್ಕದ ಆಂಡಾಳಮ್ಮನವರನ್ನು ಕೇಳಿದೆ, ನಿಮ್ಮ ಮನೆಯವರಿಗೆ ಕೆಮ್ಮೇ ಅಂತ. ಅವರು ಊರಲ್ಲೇ ಇಲ್ಲ ಸುಬ್ಬಮ್ಮ, ಇದ್ದಿದ್ದರೆ ಗೊರಕೆ ಕೇಳ್ತಿತ್ತು ಅಂದರು.

ಬೇರೆ ಯಾರದಾದರೂ ಮೈಯ ಸ್ಕ್ಯಾನು ಸಿಗದೆ ಅಪ್ಪನದನ್ನು ತೆಗೆದರೆ ಕೆಲಸ ನಿಲ್ಲುತ್ತದೆ ಅಂದೆ. ನಾಳೆ ಇನ್ನೊಬ್ಬರ ಮೈ ಹಾಗೆ ಸುಡದ ಹಾಗೆ ಮಾಡುವ ಕೆಲಸ, ನಿಲ್ಲಿಸು ಅನ್ನಲಾರೆ. ಇದರ ಜೊತೆ ಒಂದು ಸಿ.ಡಿ. ಇಟ್ಟಿದ್ದೀನಿ. ಎದೆಯ ಸ್ಕ್ಯಾನು. ಬದುಕಿರುವವರದು, ಮನಸ್ಸಾರೆ ಒಪ್ಪಿ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ನಿಮ್ಮಪ್ಪನನ್ನು ಇಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನನ್ನೇ ನೆನೆಯುವ ಅಮ್ಮ,
ಸುಬ್ಬಮ್ಮ

ತಾ.ಕ.: ಸಿ.ಡಿ. ಮೇಲೆ ಹೆಸರಿದೆ, ಹೇಗೂ ನೋಡುತ್ತೀಯ. ಸ್ಕ್ಯಾನಿನವರು ಸುಮ್ಮಸುಮ್ಮನೆ ತೆಗೆಯಲ್ಲ ಅಂದರು. ಅದಕ್ಕೆ ಡಾಕ್ಟರ ಹತ್ತಿರ ನನಗೆ ಎದೆನೋವು ಅಂತ ಸುಳ್ಳು ಹೇಳಿ ಚೀಟಿ ಬರೆಸಿಕೊಂಡೆ. ಡಾಕ್ಟರು ಆ ಚಿತ್ರವನ್ನೇ ತುಂಬ ಹೊತ್ತು ನೋಡಿದರು. ಬರುವ ವಾರ ಮತ್ತೆ ಬನ್ನಿ, ಮನೆಯವರು ಯಾರನ್ನಾದರೂ ಕರೆತನ್ನಿ ಅಂದರು. ಮಗಳು ಬರುತ್ತಾಳೆ ಅಂತ ಹೇಳಿಬಿಟ್ಟಿದ್ದೀನಿ.