ಫ್ರಿಜ್ಜಿನ ಕೆಳತುದಿ

ಮಾರ್ಚ್ 12, ಮಂಗಳವಾರ.

ಸೋದರಮಾವನೂ ನಾನೂ ಮನೆ ಸಾಮಾನು ಸಾಗಿಸುವವರು. ಮೆಟ್ಟಿಲು ಇಳಿಸುವಾಗ ಕೆಳತುದಿ ಹಿಡಿದವನ ಮೇಲೇ ಭಾರವೆಲ್ಲ. ಅದು ಯಾವಾಗಲೂ ನನ್ನ ಪಾಲು. ಇವತ್ತು ಫ್ರಿಜ್ ಇಳಿಸುವಾಗ ಮಾತ್ರ ಭುಜ ನೋವು ಅಂತ ಸುಳ್ಳು ಹೇಳಿದೆ. ಸಂಜೆ ಜಿಮ್ಮಿನಲ್ಲಿ ನೂರು ಕೆಜಿ ಎತ್ತಬೇಕಿತ್ತು, ಅದಕ್ಕೆ ಶಕ್ತಿ ಉಳಿಸಿಕೊಂಡೆ.

"ಬಾಡಿ ಬಿಲ್ಡರ್ರಿಗೇ ಭುಜ ನೋವಾ? ಸರಿ, ಮೇಲ್ಗಡೆ ಹಿಡ್ಕೊಳ್ಳೋ ಅಳಿಯಾ" ಅಂತ ನಗುತ್ತಾ ಮಾವ ಕೆಳಗೆ ನಿಂತರು. ಕೊನೆಯ ತಿರುವಿನಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಆದರೂ ಮಧ್ಯಾಹ್ನ ತಮ್ಮ ಡಬ್ಬಿಯ ಮೊಟ್ಟೆಗಳನ್ನೂ ನನ್ನ ಕಡೆ ತಳ್ಳಿದರು. "ತಿನ್ನೋ, ನಿಂಗೆ ಪ್ರೋಟೀನ್ ಬೇಕಲ್ವಾ?"

ತಿಂದೆ. ನಾಚಿಕೆಗೆಟ್ಟವನು ನಾನು.

ಸಂಜೆ ನೂರು ಕೆಜಿ ಎತ್ತಿಯೇ ಎತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿ ಮಾತ್ರ ಹತ್ತಿರ ಸುಳಿಯಲಿಲ್ಲ.

ಈಗಷ್ಟೇ ಮಾವನ ಫೋನು. "ನಾಳೆ ಕಬ್ಬಿಣದ ಬೀರು ಇದೆ ಕಣೋ. ಭುಜಕ್ಕೆ ಎಣ್ಣೆ ಹಚ್ಕೊಂಡು ಮಲ್ಕೋ. ಕೆಳಗಡೆ ನಾನೇ ಹಿಡೀತೀನಿ."

ಹೂಂ ಅಂದುಬಿಟ್ಟೆ.

ಇಲ್ಲ, ನಾಳೆ ಕೆಳಗೆ ನಾನೇ ನಿಲ್ಲುತ್ತೇನೆ. ಒಂದೇ ರಾತ್ರಿಗೆ ಭುಜ ಹೇಗೆ ವಾಸಿಯಾಯ್ತೋ ಅಂತ ಮಾವ ಕೇಳಿದರೆ...