ಆರರಿಂದ ಒಂಬತ್ತರ ಮಿತಿ

ಮಾರ್ಚ್ 3, ಮಂಗಳವಾರ

ಸಂಜೆ 6.40ಕ್ಕೆ ಇಂಟರ್ನೆಟ್ ಮತ್ತೆ ನಿಂತಿತು. ಹಳೆಯ ರೌಟರ್ ಮುಟ್ಟಿದರೆ ಇಸ್ತ್ರಿಪೆಟ್ಟಿಗೆ. ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿದೆ. ನಾಲ್ಕನೇ ಪುಟದ ಕರಡು ಹತ್ತು ನಿಮಿಷ ತಡ. ಪುಟದ ಮುಖ್ಯಸ್ಥರ ಫೋನ್ — "ಏನ್ರೀ, ಪುಟ ನಡ್ಕೊಂಡು ಬರ್ತಿದೆಯಾ?" ಮನೆಯಲ್ಲಿ ಕೂತು ಪತ್ರಿಕೆಯ ಕರಡು ತಿದ್ದುವವನಿಗೆ ಈ ಡಬ್ಬಿಯೇ ಕಚೇರಿ.

ಹಿಂದಿನ ಕೋಣೆಯಲ್ಲಿ ಅಕ್ಕನಿಗೂ ಅದೇ ಗೋಳು. ದಿನಾ ಏಳಕ್ಕೆ, ಕೆಲಸ ಮುಗಿಸಿ, ಅವಳ ಪರಿಚಯದ ಬಡಗಿಯೊಬ್ಬರು ವಿಡಿಯೊ ಕರೆ ಮಾಡುತ್ತಾರೆ. ನನ್ನ ಮೇಜು ತಟ್ಟಿ, ಕಡ್ಡಿ ಮುರಿದ ಹಾಗೆ ಎರಡು ಕೈಯಲ್ಲೂ ತೋರಿಸಿದಳು. ಚಿತ್ರ ಮುರಿಯುತ್ತಿದೆ. ನಮಗಾದರೆ ಚಿತ್ರ ನಿಂತರೂ ದನಿ ಬರುತ್ತದೆ. ಅವಳಿಗೂ ಕಿವಿ ಕೇಳದು, ಅವರಿಗೂ ಕೇಳದು. ಮಾತೆಲ್ಲ ಕೈಯಲ್ಲಿ. ಬಡಗಿಗೆ ಓದುಬರಹ ಅಷ್ಟಕ್ಕಷ್ಟೆ, ಸಂದೇಶ ಬರೆದು ಕಳಿಸುವಂತೆಯೂ ಇಲ್ಲ.

ಚೀಟಿ ಬರೆದು ಕೊಟ್ಟೆ: "ಹೊಸದು ತರುತ್ತೇನೆ. ನಿನಗಾಗಿ." ಎರಡನೇ ವಾಕ್ಯ ಬೇಕಿರಲಿಲ್ಲ.

ಮಾರ್ಚ್ 7, ಶನಿವಾರ

ಅಂಗಡಿಗೆ ಹೋದೆವು, ನಾನು ಮತ್ತು ಹೆಂಡತಿ. ಅವಳು ಕೆಲಸ ಮಾಡುವ ಲ್ಯಾಬಿಗೆ ಇವತ್ತು ರಜೆ.

ಅಂಗಡಿಯವನು ಮಾತುಗಾರ. "ಡ್ಯುಯಲ್ ಬ್ಯಾಂಡ್ ತಗೊಳಿ ಸರ್. ಒಂದೇ ಡಬ್ಬಿ, ಎರಡು ದಾರಿ. 2.4 ಅನ್ನೋದು ದೂರ ಹೋಗತ್ತೆ, ಗೋಡೆ ದಾಟತ್ತೆ, ಆದ್ರೆ ನಿಧಾನ. 5 ಅನ್ನೋದು ಓಡತ್ತೆ, ಗೋಡೆ ಕಂಡ್ರೆ ಸುಸ್ತು."

"ನಮ್ಮಲ್ಲಿ ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಎರಡು ಗೋಡೆ."

"ಹಂಗಾದ್ರೆ ಮನೆ ಮಧ್ಯದಲ್ಲಿಡಿ. ಮೂಲೇಲಿಟ್ಟು ಆಮೇಲೆ ನನ್ನ ಬೈಬೇಡಿ."

ಎಂಟು ಆಂಟೆನಾದ್ದೊಂದನ್ನು ಎತ್ತಿ ತೋರಿಸಿದ. ಹೆಂಡತಿ — "ಅಯ್ಯೋ, ಜೇಡ ಇದ್ದಂಗಿದೆ. ಬೇಡ ರೀ, ಮನೇಲಿರೋದು ಮೂರೇ ಜನ." ನಾಲ್ಕರದ್ದು ತಂದೆವು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ವೇಗ 1200. ಅದು ಎರಡೂ ದಾರಿ ಕೂಡಿಸಿದ ಸಂಖ್ಯೆ. ಯಾವ ಒಂದು ಫೋನಿಗೂ ಅಷ್ಟು ಸಿಗುವುದಿಲ್ಲ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದ್ದಾರೆ. ವೈರಿನ ಕಿಂಡಿಗಳು ಗಿಗಾಬಿಟ್ ವೇಗದವೇ ಎಂದು ಎರಡು ಸಲ ಓದಿ ಖಚಿತ ಮಾಡಿಕೊಂಡೆ.

ಮಾರ್ಚ್ 8, ಭಾನುವಾರ

ಜೋಡಿಸಿದೆ. ಹೆಚ್ಚು ಕಷ್ಟವಿಲ್ಲ. ಫೈಬರ್ ಪೆಟ್ಟಿಗೆಯಿಂದ ಒಂದು ವೈರು, ಕರೆಂಟಿಗೆ ಒಂದು. ಫೋನಿನಲ್ಲಿ ಆ್ಯಪ್ ತೆರೆದು, ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಮೊದಲು ಬದಲಿಸಿದೆ. ಎರಡು ದಾರಿಗೂ ಒಂದೇ ಹೆಸರಿಟ್ಟರೆ ಯಾವುದು ಯಾವುದಕ್ಕೆ ಅಂಟುತ್ತದೋ ತಿಳಿಯದು. ಬೇರೆ ಬೇರೆ ಹೆಸರಿಟ್ಟೆ. ನನ್ನ ಕಂಪ್ಯೂಟರ್ 5ರಲ್ಲಿ. ಅಕ್ಕನ ಕೋಣೆಯಲ್ಲಿ 5ಕ್ಕೆ ಒಂದೇ ಗೆರೆ — ಅವಳ ಟ್ಯಾಬ್ 2.4ರಲ್ಲಿ.

ಅಕ್ಕ ನಡುಮನೆಯ ಕಪಾಟಿನ ಮೇಲೆ ಬೆರಳು ತೋರಿಸಿ, ಅಲ್ಲಿಡು ಎಂದಳು. ಅಂಗಡಿಯವನೂ ಅದನ್ನೇ ಹೇಳಿದ್ದು. ಆದರೆ ಅಲ್ಲಿಗೆ ಉದ್ದ ವೈರು ಬೇಕು. ಆಮೇಲೆ ತಂದರಾಯಿತು ಎಂದು ನನ್ನ ಮೇಜಿನ ಪಕ್ಕದ ಗೂಡಿನಲ್ಲಿಟ್ಟೆ.

ಏಳಕ್ಕೆ ಕರೆ. ಹಿಂದಿನಿಂದ ಅಕ್ಕನ ನಗು — ತನ್ನ ನಗು ತನಗೆ ಕೇಳದ್ದರಿಂದ ಮನೆ ತುಂಬ ನಗುತ್ತಾಳೆ. ಇಣುಕಿದೆ. ಬಡಗಿ ಒಂದು ಮೂರುಕಾಲಿನ ಕುರ್ಚಿ ಎತ್ತಿ ತೋರಿಸುತ್ತಿದ್ದರು. ಕಳೆದ ವರ್ಷ ಕಿವುಡರ ಸಂಘದ ಸಭೆಯಲ್ಲಿ ಪರಿಚಯವಾದವರು. ಒಂಟಿ. ವಯಸ್ಸು ಐವತ್ತು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

ಮಾರ್ಚ್ 9, ಸೋಮವಾರ

ಏಳೂ ಕಾಲಿಗೆ ಆರನೇ ಪುಟ ಅರ್ಧಕ್ಕೆ ನಿಂತಿತು. ಹೊಸ ರೌಟರಿನಲ್ಲೂ! ಮುಖ್ಯಸ್ಥರು ಇವತ್ತು ತಮಾಷೆ ಮಾಡಲಿಲ್ಲ. "ಇದು ಮೂರನೇ ಸಲ. ಮನೆಯಿಂದ ಆಗಲ್ಲ ಅಂದ್ರೆ ಹೇಳಿಬಿಡಿ."

ಆ್ಯಪ್‌ನಲ್ಲಿ ಯಾರು ಎಷ್ಟು ಬಳಸುತ್ತಿದ್ದಾರೆ ಎಂಬ ಪಟ್ಟಿ ಇದೆ. ಮೊದಲ ಸಾಲಿನಲ್ಲಿ ಅಕ್ಕನ ಟ್ಯಾಬ್. ಅದರ ಮೇಲೆ ಒತ್ತಿದರೆ 'ವೇಗದ ಮಿತಿ'. ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ ಎಂದು ಕೇಳುತ್ತದೆ. ಇರುವುದರಲ್ಲೇ ಕನಿಷ್ಠ. ಸಂಜೆ 6ರಿಂದ 9. ಉಳಿಸಿದೆ.

ಪುಟ ಹೋಯಿತು. ಎರಡು ದಿನದ ಮಟ್ಟಿಗೆ ಅಷ್ಟೆ.

ಮಾರ್ಚ್ 12, ಗುರುವಾರ

ಅಕ್ಕ ಟ್ಯಾಬ್ ಹಿಡಿದು ಬಂದಳು. ಬಡಗಿಯ ಮುಖ ಚೌಕ ಚೌಕ. ಕೈ ಎಲ್ಲಿದೆ, ಗಲ್ಲ ಎಲ್ಲಿದೆ ತಿಳಿಯದು. ಹೊಸ ರೌಟರ್ ಅಲ್ಲವೇ, ಯಾಕೆ ಹೀಗೆ ಎಂದು ಕೇಳಿದಳು.

ಚೀಟಿ: "ಟ್ಯಾಬ್ ಹಳೆಯದಾಯಿತು." ಅವಳು ತಲೆಯಾಡಿಸಿ ಹೋದಳು. ನನ್ನ ಬರಹವನ್ನು ಅವಳು ಎಂದೂ ಪ್ರಶ್ನಿಸಿದ್ದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವನು.

ಮಾರ್ಚ್ 17, ಮಂಗಳವಾರ

ಇಂಟರ್ನೆಟ್ ಕಂಪನಿಯ ರಿಪೇರಿಯವನು ಬಂದಿದ್ದ. ಫೈಬರ್ ಪೆಟ್ಟಿಗೆಯ ಹಿಂದೆ ಕೈ ಹಾಕಿ — "ಸರ್, ಕುರ್ಚಿ ತಾಗಿ ತಾಗಿ ಇಲ್ಲಿ ವೈರು ಮಡಚಿಹೋಗಿದೆ. ಇದ್ರಲ್ಲಿ ಇಷ್ಟು ದಿನ ಹೆಂಗೆ ನಡೆಸಿದ್ರಿ?" ಇಪ್ಪತ್ತು ನಿಮಿಷದಲ್ಲಿ ಬದಲಿಸಿದ. ಕುರ್ಚಿ ನನ್ನದು.

ಸಂಜೆ ಎಂಟು ಪುಟ, ಒಂದೂ ನಿಲ್ಲಲಿಲ್ಲ. ಅಲ್ಲಿಗೆ ತಪ್ಪು ಟ್ಯಾಬಿನದಲ್ಲ ಎಂದು ಖಚಿತವಾಯಿತು.

ಮಿತಿ ತೆಗೆಯಬೇಕು. ಕೆಲಸ ಮುಗಿಯುವಾಗ ಒಂಬತ್ತು ದಾಟಿತ್ತು, ತಾನಾಗಿಯೇ ತೆಗೆದುಹೋಗಿತ್ತು. ನಾಳೆ.

ಮಾರ್ಚ್ 26, ಗುರುವಾರ

ತೆಗೆದಿಲ್ಲ.

ಊಟಕ್ಕೆ ಕೂತಾಗ ಹೆಂಡತಿ — "ಪಾಪ ರೀ. ಅತ್ತಿಗೆ ಟ್ಯಾಬ್ ರಿಪೇರಿ ಮಾಡಿಸಿದ್ರು, ಆಗ್ಲಿಲ್ಲ. ನಿಮ್ ಫೋನೇ ಸರಿ ಇಲ್ಲ ಅಂತ ಬಡಗಿಗೆ ಹೇಳಿದ್ರಂತೆ. ಅವರು ಹೊಸ ಫೋನೇ ತಗೊಂಡ್ರಂತೆ. ಆದ್ರೂ ಹಂಗೇ. ನೀವೊಂದ್ಸಲ ನೋಡಬಾರ್ದಾ?"

"ನೋಡಿದೀನಿ."

"ಏನಂತೆ?"

"ಎರಡು ಗೋಡೆ ಇದೆಯಲ್ಲ."

"ಮತ್ತೆ ಆ ಉದ್ದದ ವೈರು? ತರ್ತೀನಿ ಅಂದು ಮೂರು ವಾರ ಆಗ್ತಾ ಬಂತು. ನಿಮ್ ಪುಟ ನಿಂತಿದ್ರೆ ಆವತ್ತೇ ಓಡ್ತಿದ್ರಿ."

ಇನ್ನಷ್ಟು ಸಾರು ಬಡಿಸಿಕೊಂಡೆ.

ಮರೆತೆ ಎಂದು ಬರೆಯಲು ಹೊರಟಿದ್ದೆ. ಮರೆತಿಲ್ಲ. ಒಂಬತ್ತು ದಿನದಲ್ಲಿ ಆ್ಯಪ್‌ನಲ್ಲಿ ವೇಗದ ಮಿತಿಯ ಪುಟವನ್ನು ನಾಲ್ಕು ಸಲ ತೆರೆದಿದ್ದೇನೆ. ತೆರೆದು, ನೋಡಿ, ಮುಚ್ಚಿದ್ದೇನೆ.

ಅಮ್ಮ ಹೋದಾಗ ನನಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಕೈಮಾತಿನಲ್ಲಿ ನನಗೆ ಅವಳಿಟ್ಟ ಹೆಸರು ಎತ್ತಿ ತೋರಿಸುವ ಕಿರುಬೆರಳು. ಈಗಲೂ ಹಾಗೆಯೇ ಕರೆಯುತ್ತಾಳೆ. ಅವಳಿಲ್ಲದ ಮನೆಯಲ್ಲಿ ನಾನು ಒಂದು ದಿನವೂ ಇದ್ದವನಲ್ಲ. ಬಡಗಿ ಕುರ್ಚಿ ತೋರಿಸಿದ ದಿನ ಅವಳು ನಕ್ಕದ್ದು ಕೇಳಿ ನನಗೆ ಏನಾಯಿತೋ ಅದನ್ನು ಖುಷಿ ಎನ್ನಲಾಗದು. ಬರೆದುಬಿಟ್ಟೆ. ಇರಲಿ.

ಏಪ್ರಿಲ್ 2, ಗುರುವಾರ, ರಾತ್ರಿ 8

ಸಂಜೆ 7.20ರ ಸುಮಾರು. ಫೋನಿನ ಚಾರ್ಜರ್ ಸಿಗಲಿಲ್ಲ. ಅಕ್ಕ ಎಲ್ಲೋ ಎತ್ತಿಟ್ಟಿರಬೇಕೆಂದು ಅವಳ ಕೋಣೆಯ ಬಾಗಿಲಿಗೆ ಹೋಗಿ, ದೀಪ ಎರಡು ಸಲ ಆರಿಸಿ ಹಾಕಿದೆ. ಅವಳನ್ನು ಕರೆಯುವುದು ಹಾಗೆಯೇ. ತಿರುಗಿ ನೋಡಿದಳು. ಟ್ಯಾಬಿನಲ್ಲಿ ಬಡಗಿ ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿಕೊಂಡು ನಿಂತುಹೋಗಿದ್ದರು. ಚಿತ್ರ ಅಲ್ಲಾಡಲಿಲ್ಲ.

ಚಾರ್ಜರ್ ಎಂದು ತೋರಿಸಿದೆ. ಕಿಟಕಿ ಎಂದು ತೋರಿಸಿದಳು. ಮತ್ತೆ ಟ್ಯಾಬಿಗೆ ತಿರುಗುವಷ್ಟರಲ್ಲಿ ಕರೆ ಕಡಿದುಹೋಗಿತ್ತು.

ಅವಳು ಏಳು ಸಲ ಮರುಕರೆ ಮಾಡಿದಳು. ಅವರು ಎತ್ತಲಿಲ್ಲ.

ಏಪ್ರಿಲ್ 6, ಸೋಮವಾರ

ನಾಲ್ಕು ದಿನ. ಎತ್ತುತ್ತಿಲ್ಲ. ಅಕ್ಕ ಏಳಕ್ಕೆ ತಲೆ ಬಾಚಿಕೊಂಡು ಕೂರುತ್ತಾಳೆ. ಏಳೂವರೆಗೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಹೆಂಡತಿ ಕೇಳಿದ್ದಕ್ಕೆ — ಅವರು ಏನೋ ಕೇಳುತ್ತಿದ್ದರು, ಅರ್ಧ ಕಂಡಿತು, ಆಮೇಲೆ ಕೋಪ ಮಾಡಿಕೊಂಡರೋ ಏನೋ ಎಂದಳಂತೆ.

ಏಪ್ರಿಲ್ 9, ಗುರುವಾರ

ಮಧ್ಯಾಹ್ನ ಸಂಘದ ಕಾರ್ಯದರ್ಶಿಯ ಫೋನ್. ಅವರಿಗೆ ಕಿವಿ ಕೇಳುತ್ತದೆ. ಅಪ್ಪ ಅಮ್ಮ ಇಬ್ಬರೂ ಕಿವುಡರು.

"ನಿಮ್ಮಕ್ಕನಿಗೆ ಒಂದು ಮಾತು ತಲುಪಿಸಬೇಕಿತ್ತು. ನಮ್ಮ ಬಡಗಿ ಅಣ್ಣ ಹೋದ ವಾರ ಅವರನ್ನ ಕೇಳಿದಾರೆ, ಬಂದು ನನ್ ಜೊತೆ ಇರ್ತೀರಾ ಅಂತ. ಅಷ್ಟು ಕೇಳೋಕೆ ಎಷ್ಟು ತಿಂಗಳು ತಗೊಂಡ್ರೋ ಮಹಾನುಭಾವ! ನಿಮ್ಮಕ್ಕ ಮುಖ ತಿರುಗಿಸಿಬಿಟ್ರಂತೆ. ತಿರುಗಿಸಿದೋರು ಹಂಗೇ ಇದ್ರಂತೆ, ಒಂದು ನಿಮಿಷ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವರು ಮುಂದುವರಿಸಿದರು.

"ನಿಮಗೆ ಗೊತ್ತಲ್ಲ, ನಮ್ಮವರಲ್ಲಿ ಕಣ್ಣು ತೆಗೆಯೋದು ಅಂದ್ರೆ ಇನ್ನು ಮಾತು ಬೇಡ ಅಂತ. ನೀವು ಫೋನು ಕುಕ್ಕಿದ ಹಾಗೆ. ಅಣ್ಣ ಸ್ವಾಭಿಮಾನಿ, ಇನ್ನೊಂದ್ಸಲ ಕೇಳಲ್ಲ. ದೂರದ ಊರಲ್ಲಿ ಕಾರ್ಖಾನೆ ಕೆಲಸ ಒಪ್ಪಿಕೊಂಡಿದಾರೆ. ಭಾನುವಾರ ಸಂಜೆ ಹೊರಡ್ತಾರೆ. ನಂಗ್ಯಾಕೋ ನಂಬಿಕೆ ಬರ್ಲಿಲ್ಲ. ನಿಜವಾಗ್ಲೂ ಬೇಡ ಅಂದ್ರಾ? ಸ್ವಲ್ಪ ಕೇಳಿ ಹೇಳ್ತೀರಾ?"

"ಕೇಳಿ ಹೇಳ್ತೀನಿ" ಅಂದೆ.

ಅವರ ಕಡೆಯ ಪರದೆಯಲ್ಲಿ ಅಕ್ಕನ ತಿರುಗಿದ ಮುಖ ಒಂದು ನಿಮಿಷ ನಿಂತಿತ್ತು. ತಿರುಗಿಸಿದ್ದು ನನ್ನ ದೀಪ. ನಿಲ್ಲಿಸಿದ್ದು ನನ್ನ ಮಿತಿ. ಎರಡಕ್ಕೂ ಬೇರೆ ಸಾಕ್ಷಿ ಬೇಡ.

ಕೇಳಲಿಲ್ಲ. ಪಕ್ಕದಲ್ಲೇ ಕೂತು, ಹೊಲಿಗೆಗೆ ಬಂದ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಿದ್ದಳು. ಯಾರ ಫೋನು ಎಂದು ಹುಬ್ಬೆತ್ತಿದಳು. ಕಚೇರಿ ಎಂದು ತೋರಿಸಿದೆ.

ಏಪ್ರಿಲ್ 10, ಶುಕ್ರವಾರ

ಬೆಳಿಗ್ಗೆ 6.15ಕ್ಕೆ ಮಿತಿ ತೆಗೆದೆ. ಮೂರು ಸೆಕೆಂಡಿನ ಕೆಲಸ. ಹತ್ತಕ್ಕೆ ಅದೇ ಅಂಗಡಿಗೆ ಹೋಗಿ ಹದಿನೈದು ಮೀಟರಿನ ವೈರು ತಂದೆ. ಅಂಗಡಿಯವನು — "ಮೂಲೇಲಿಟ್ಟಿದ್ರಾ? ನಂಗೊತ್ತಿತ್ತು." ಗೋಡೆಗುಂಟ ಮೊಳೆ ಹೊಡೆದು, ರೌಟರನ್ನು ನಡುಮನೆಯ ಕಪಾಟಿನ ಮೇಲೆ ತಂದಿಟ್ಟೆ. ಅಕ್ಕನ ಕೋಣೆಯಲ್ಲಿ ಈಗ 5ಕ್ಕೂ ಮೂರು ಗೆರೆ.

ಹೆಂಡತಿ ಲ್ಯಾಬಿನಿಂದ ಬಂದು ನೋಡಿ — "ಅಂತೂ! ಏನ್ರೀ ಇವತ್ತು ಇಷ್ಟೊಂದು ಉತ್ಸಾಹ?" ಉಳಿದ ಮೊಳೆಗಳನ್ನು ಆರಿಸಿ ಡಬ್ಬಿಗೆ ಹಾಕಿದೆ. ಹೇಳಬೇಕಾದ್ದು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೇನೆ.

ಏಪ್ರಿಲ್ 11, ಶನಿವಾರ, ಬೆಳಿಗ್ಗೆ 11

ಕಾರ್ಯದರ್ಶಿಯ ಎರಡು ಕರೆ. ಎತ್ತಲಿಲ್ಲ. ನಾನೂ ಕಣ್ಣು ತೆಗೆದ ಹಾಗೆಯೇ.

ಅದೇ ದಿನ, ಸಂಜೆ 7.30

ಅಕ್ಕ ಕೋಣೆಯಲ್ಲಿಲ್ಲ ಎಂದು ಅವಳ ಟ್ಯಾಬ್ ತೆಗೆದು ಒಂದು ವಿಡಿಯೊ ಹಾಕಿ ಪರೀಕ್ಷಿಸುತ್ತಿದ್ದೆ. ಕನ್ನಡಿಯಂತೆ ಬರುತ್ತಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಪರದೆ ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಿದಳು.

ಈ ಹೊತ್ತಿಗೆ ಯಾವತ್ತೂ ನಿಲ್ಲುತ್ತಿತ್ತು, ಎಂದಳು ಕೈಯಲ್ಲಿ. ಮಧ್ಯಾಹ್ನ ಸರಿ, ಬೆಳಿಗ್ಗೆ ಸರಿ. ಸಂಜೆ ಮಾತ್ರ ನಿಲ್ಲುತ್ತಿತ್ತು. ಗೋಡೆ ಅಡ್ಡ ಎಂದು ನಿನ್ನ ಹೆಂಡತಿಗೆ ಹೇಳಿದೆಯಂತೆ, ಗೋಡೆಗೆ ಗಡಿಯಾರ ಗೊತ್ತಾಗುತ್ತದೆಯೇ?

ಎಷ್ಟು ದಿನದಿಂದ ಯೋಚಿಸುತ್ತಿದ್ದಳೋ.

ನನ್ನ ಕೈಮಾತು ಮನೆಯ ಮಟ್ಟದ್ದು. ಊಟ, ನೀರು, ಬಾ, ಹೋಗು, ತಡವಾಗುತ್ತದೆ. ಇದನ್ನು ಹೇಳುವಷ್ಟು ಬಾರದು. ಮೇಜಿಗೆ ಬಂದು ಚೀಟಿ ಬರೆಯಲು ಕೂತೆ. ಮೊದಲನೆಯದು: "ತಾಂತ್ರಿಕ ಕಾರಣದಿಂದ". ಹರಿದೆ. ಎರಡನೆಯದು: "ವೇಗಕ್ಕೆ ಮಿತಿ ಹಾಕಲಾಗಿತ್ತು". ಇಂಥ ವಾಕ್ಯ ಬೇರೆಯವರದ್ದಾದರೆ ಅಂಚಿನಲ್ಲಿ 'ಯಾರು?' ಎಂದು ಬರೆದು ಹಿಂದಕ್ಕೆ ಕಳಿಸುತ್ತೇನೆ. ಹರಿದೆ. ಮೂರನೆಯದು ನಾಲ್ಕು ಸಾಲು, ನಾಲ್ಕರಲ್ಲೂ ಪುಟದ ಮುಖ್ಯಸ್ಥರೇ ತಪ್ಪಿತಸ್ಥರು. ಅದನ್ನೂ ಹರಿದೆ.

ಅವಳು ಎದುರಿಗೆ ಕೂತಿದ್ದಾಳೆ. ಕಾಯುತ್ತಿದ್ದಾಳೆ. ಕಣ್ಣು ತೆಗೆದಿಲ್ಲ. ಹೆಂಡತಿ ಒಮ್ಮೆ ಬಂದು ಇಬ್ಬರನ್ನೂ ನೋಡಿ ಒಳಗೆ ಹೋದಳು.

ಸರಿಯಾಗಿ ಬರೆದದ್ದು ಈ ಪುಸ್ತಕದಲ್ಲಿ ಮಾತ್ರ ಇದೆ. ಇದನ್ನೇ ಕೊಡುತ್ತೇನೆ.

ಅಕ್ಕಾ, ಮೊದಲು ಇಷ್ಟು ಓದು. ಉಳಿದದ್ದು ಹಿಂದಿನ ಪುಟಗಳಲ್ಲಿದೆ, ಆಮೇಲೆ. ಅವರು ಕೋಪ ಮಾಡಿಕೊಂಡಿಲ್ಲ. ನೀನು ಮುಖ ತಿರುಗಿಸಿದೆ ಎಂದು ತಿಳಿದಿದ್ದಾರೆ. ಅವರು ಕೇಳಿದ್ದು, ಬಂದು ನನ್ನ ಜೊತೆ ಇರುತ್ತೀಯಾ ಎಂದು. ನಾಳೆ ಸಂಜೆಯವರೆಗೆ ತಮ್ಮ ಊರಿನಲ್ಲೇ ಇರುತ್ತಾರೆ. ಮೊದಲ ಬಸ್ಸು ಆರೂವರೆಗೆ. ನೀನು ಓದುತ್ತಿರುವಾಗಲೇ ಕಾರ್ಯದರ್ಶಿಗೆ ಫೋನ್ ಮಾಡಿ, ನಿನ್ನ ಉತ್ತರ ಏನೆಂದು ನೀನು ಹೇಳಿದ ಹಾಗೆಯೇ ಹೇಳುತ್ತೇನೆ. ಚಿತ್ರ ನಿಲ್ಲಿಸಿದ್ದು ಗೋಡೆಯಲ್ಲ, ಟ್ಯಾಬ್ ಅಲ್ಲ, ಅವರ ಫೋನೂ ಅಲ್ಲ. ಮಾರ್ಚ್ ಒಂಬತ್ತರಿಂದ ನಿನ್ನೆ ಬೆಳಿಗ್ಗೆಯವರೆಗೆ, ದಿನಾ ಸಂಜೆ ನಿಲ್ಲಿಸಿದ್ದು ನಾನು.