ಎದುರುಪಕ್ಷದ ಕುರ್ಚಿ

ವುಲೊಂಗಾಂಗ್,
ಮಂಗಳವಾರ

ಪ್ರೀತಿಯ ಕ್ಲೈವ್,

ಗೆದ್ದರೆ ಪಾಲು ಸಿಗುತ್ತದೆಂದು ಬೇರೆಯವರ ದಾವೆಗಳಿಗೆ ಹಣ ಹೂಡುವ ನಿನ್ನ ಕಂಪನಿಯಿಂದ ಉತ್ತರ ಬಂತು. ಅಡುಗೆಕಟ್ಟೆಯ ಕಲ್ಲು ಕೊಯ್ದು ಕೊಯ್ದು, ಅದರ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ನನ್ನ ಕಕ್ಷಿದಾರರ ಕೇಸಿಗೆ ದುಡ್ಡು ಹಾಕುವುದಿಲ್ಲವಂತೆ. ಗೆಲ್ಲುವ ಸಾಧ್ಯತೆ ಕಡಿಮೆಯಂತೆ, ಅಪಾಯ ಜಾಸ್ತಿಯಂತೆ. ಕೆಳಗೆ ನಿನ್ನ ಸಹಿ, ಇನ್ನೂ ಅದೇ ಕಾಗೆ ಕಾಲು ಗುಬ್ಬಿ ಕಾಲು.

ನಮ್ಮಿಬ್ಬರ ವಕೀಲಿ ಆಫೀಸು ಇದ್ದಾಗ ಅಪಾಯವನ್ನು ಕೋರ್ಟಿನೆದುರಿನ, ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿಯಲ್ಲಿ ಅಳೆಯುತ್ತಿದ್ದೆವು, ನೆನಪಿದೆಯಾ? ಕಿಟಕಿ ಪಕ್ಕದ ಕುರ್ಚಿ ಎದುರುಪಕ್ಷದ್ದು. ಅದರಲ್ಲಿ ಕೂತು ಎದುರುಪಕ್ಷದ ವಕೀಲನ ಹಾಗೆ ವಾದಿಸುವವನು ಯಾವಾಗಲೂ ನೀನೇ. ಬಾಯ್ತುಂಬ ಪೈ ಇಟ್ಟುಕೊಂಡೇ ನನ್ನ ಸಾಕ್ಷಿಗಳನ್ನೆಲ್ಲ ಕೆಡವಿಹಾಕುತ್ತಿದ್ದೆ. ನಾನು ನಿನಗೆ ಸೋತರೆ ಆ ಕೇಸು ಕೈಬಿಡಬೇಕು ಅನ್ನುವುದು ನಮ್ಮ ಕರಾರು.

ದೂಳು ಕುಡಿದು ಕೆಮ್ಮು ಹತ್ತಿಸಿಕೊಂಡಿದ್ದ ಹಡಗುಕಟ್ಟೆಯ ಕೂಲಿ ರಾನ್‌ನ ಕೇಸಿನಲ್ಲಿ ನಾನು ನಿನಗೆ ಸೋತೆ. ಅವನು ಪಕ್ಕದ ಮೇಜಿನಲ್ಲಿ ಕೆಮ್ಮುತ್ತ ಕೂತಿದ್ದ. ನೀನು ಕೈ ಒರೆಸಿಕೊಂಡು, "ನಿನ್ನ ವಾದದಲ್ಲಿ ಏನೂ ಹುರುಳಿಲ್ಲ ಕಣೇ ಮೊರೀನ್. ಆದ್ರೆ ಈ ಕೆಮ್ಮು ಕೇಳಿಸ್ಕೊಂಡ ಮೇಲೆ ಸುಮ್ನೆ ಮನೆಗೆ ಹೋಗೋದು ಹೆಂಗೆ? ನಡಿ ಬ್ಯಾಂಕಿಗೆ," ಅಂದೆ. ಕೇಸಿನ ಖರ್ಚಿಗೆ ನಿನ್ನ ಮನೆಯನ್ನೇ ಅಡವಿಟ್ಟೆ. ಎಷ್ಟೋ ಚಳಿಗಾಲ ಹೀಟರ್ ಹಚ್ಚಲು ಕಾಸಿಲ್ಲದೆ ಆಫೀಸಿನಲ್ಲಿ ಕೋಟು ಹಾಕಿಕೊಂಡೇ ಕೆಲಸ ಮಾಡಿದೆವು. ಕೊನೆಗೆ ಕೋರ್ಟಿನಲ್ಲಿ ರಾನ್ ಗೆದ್ದ, ಕೆಮ್ಮುತ್ತಲೇ.

ಅಂಗಡಿ ಇನ್ನೂ ಇದೆ. ಗುರುವಾರ ಮಧ್ಯಾಹ್ನ ಬಾ. ನನ್ನ ಕಕ್ಷಿದಾರರಲ್ಲಿ ನಡೆಯಲು ಆಗುವವರು ಪಕ್ಕದ ಮೇಜಿನಲ್ಲಿರುತ್ತಾರೆ. ನೀನು ನಿನ್ನ ಕುರ್ಚಿಯಲ್ಲಿ ಕೂತು ವಾದ ಮಾಡು. ಕನಿಕರ ಬೇಡ. ಈ ಸಲವೂ ನೀನೇ ಗೆಲ್ಲು.

ಆಮೇಲೆ ಕೈ ಒರೆಸಿಕೊಂಡು ಒಂದು ನಿಮಿಷ ಪಕ್ಕದ ಮೇಜಿನ ಕೆಮ್ಮಿಗೆ ಕಿವಿಗೊಡು.

ನಿನ್ನ ಹಳೆಯ ಪಾಲುದಾರಳು,
ಮೊರೀನ್